ಒಂದೆಳೆ ಸುಟ್ಟು ನೋಡಿ

ಜಪ್ತಿಯ ಲಾರಿ ಅಂಗಡಿಯ ಮುಂದೆ ಬಂದು ನಿಂತಾಗ ಬೋರ್ಡಮ್ಮನ ಗಂಟಲು ಆಗಲೇ ಕಟ್ಟಿಹೋಗಿತ್ತು. ಆದರೂ ಆಕೆ ಬಿಡಲಿಲ್ಲ. "ಬನ್ನಿ ಸಾರ್, ಬನ್ನಿ! ಇಷ್ಟು ವರ್ಷ ಕೂಗಿದ್ದು ಸಾರ್ಥಕ ಆಯ್ತು!"

ಪ್ರಾಣಿಗಳ ತುಪ್ಪಳದಿಂದ ಮಾಡಿದ ಯಾವುದನ್ನೂ ಮಾರುವಂತಿಲ್ಲ ಎಂಬ ಕಾನೂನು ಅಂದು ಬೆಳಿಗ್ಗೆಯಷ್ಟೇ ಜಾರಿಗೆ ಬಂದಿತ್ತು. ಊರಿನಲ್ಲಿ ತುಪ್ಪಳದ ಕೋಟು ಮಾರುವ ಅಂಗಡಿ ಇದ್ದದ್ದೇ ಒಂದು. ಅದರೆದುರು "ಜೀವ ತೆಗೆದು ಮೈ ಬೆಚ್ಚಗೆ ಮಾಡ್ಕೋಬೇಡಿ" ಎಂಬ ಬೋರ್ಡು ಹಿಡಿದು ವರ್ಷಗಟ್ಟಲೆ ನಿಂತವಳೂ ಒಬ್ಬಳೇ. ಅವಳ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಬೋರ್ಡಮ್ಮ ಎಂದರೆ ಹಾಲಿನವನಿಗೂ ಗೊತ್ತು. ಹಾಗೆಂದು ಹಗಲೆಲ್ಲ ನಿಲ್ಲುತ್ತಿದ್ದಳೇ ಎಂದರೆ, ಇಲ್ಲ. ಸಂಜೆ ಗಿರಾಕಿಗಳು ಬರುವ ಹೊತ್ತಿಗೆ ಸರಿಯಾಗಿ ಹಾಜರಾಗುತ್ತಿದ್ದಳು. ದೊಡ್ಡ ಕಾರು ಬಂದರಂತೂ ಅವಳ ದನಿ ಪಕ್ಕದ ಬೀದಿಗೂ ಕೇಳುತ್ತಿತ್ತು.

ಅಂಗಡಿ ಮಾಲೀಕನ ತಾಳ್ಮೆ ದೊಡ್ಡದು. ಒಂದು ದಿನವೂ ಬೈದವನಲ್ಲ, ಪೊಲೀಸರನ್ನು ಕರೆದವನಲ್ಲ. ಮಳೆ ಬಂದರೆ ತಾನೇ ಹೋಗಿ ಕೊಡೆ ಕೊಟ್ಟು ಬರುತ್ತಿದ್ದ. "ಗಿರಾಕಿ ಓಡ್ಸೋಳಿಗೆ ಕೊಡೆ ಬೇರೆ ಕೇಡು" ಎಂದು ಪಕ್ಕದ ಚಪ್ಪಲಿ ಅಂಗಡಿಯವನು ಗೊಣಗಿದರೆ, "ಇರ್ಲಿ ಬಿಡಿ, ವಯಸ್ಸಾದೋರು" ಎನ್ನುತ್ತಿದ್ದ. ವಿಚಿತ್ರವೆಂದರೆ, ಗಿರಾಕಿಗಳು ಓಡುತ್ತಲೂ ಇರಲಿಲ್ಲ.

ಇವತ್ತು ಮಾತ್ರ ಆತ ಬೆವೆತು ಹೋಗಿದ್ದ. ಅಪ್ಪನ ಕಾಲದ ಅಂಗಡಿ. ಇದಕ್ಕೆ ಬೀಗ ಬಿದ್ದರೆ ಮಾಡಲು ಅವನಿಗೆ ಬೇರೆ ಕಸುಬು ಗೊತ್ತಿಲ್ಲ.

ಇನ್ಸ್‌ಪೆಕ್ಟರ್ ಸಾಲಾಗಿ ತೂಗುಹಾಕಿದ್ದ ಕೋಟುಗಳನ್ನು ಸವರಿ ನೋಡಿದ. ಬೆಕ್ಕಿನ ಬೆನ್ನಿನಷ್ಟು ಮೆತ್ತಗಿದ್ದವು. "ಎಲ್ಲಾ ಲಾರಿಗೆ ಹಾಕಿ" ಎಂದು ತನ್ನವರಿಗೆ ಹೇಳಿ ಹಿಂದಿನ ಕೋಣೆಯ ಬಾಗಿಲು ತಳ್ಳಿದ. ಒಳಗೆ ಒಂದು ಹೊಲಿಗೆ ಯಂತ್ರ. ಅದರ ಮೇಲೆ ಅರ್ಧ ಹೊಲಿದ ತೋಳು, ಪಕ್ಕದಲ್ಲಿ ಮಡಚಿಟ್ಟ ಕನ್ನಡಕ.

"ಹೊಲಿಯೋರು ಎಲ್ಲಿ?"

"ಹೊರಗಡೆ ಕೆಲಸ ಇತ್ತು ಸಾರ್, ಹೋಗಿದಾರೆ" ಎಂದ ಮಾಲೀಕ.

ಅಷ್ಟರಲ್ಲಿ ಡಾಕ್ಟರ ಹೆಂಡತಿ ದೊಡ್ಡ ಚೀಲವೊಂದನ್ನು ತಬ್ಬಿಕೊಂಡು ಬಂದಳು. ಇದೇ ಅಂಗಡಿಯಲ್ಲಿ ಕೊಂಡ ಕೋಟು. "ಇದನ್ನೂ ತಗೊಂಡು ಹೋಗ್ಬಿಡಿ ಸಾರ್. ಹಾಕ್ಕೊಂಡ್ರೆ ಜನ ಆಡ್ಕೋತಾರೆ. ಬೀರುವಲ್ಲಿಟ್ರೆ ಹೊಟ್ಟೆ ಉರಿಯುತ್ತೆ" ಎಂದು ಮೂಗೊರೆಸಿಕೊಂಡಳು.

ಆಗ ಬೋರ್ಡಮ್ಮ ಹೊಸಿಲು ದಾಟಿ ಒಳಗೆ ಬಂದಳು. ಅಂಗಡಿಯ ಮುಂಬಾಗಿಲಿನಿಂದ ಅವಳು ಒಳಬಂದದ್ದನ್ನು ಅಂದಿನವರೆಗೆ ಯಾರೂ ಕಂಡಿರಲಿಲ್ಲ. ಜಪ್ತಿಯ ಆದೇಶ ಕೇಳಿ ಪಡೆದು, ಕೈ ಉದ್ದ ಚಾಚಿ ಹಿಡಿದು, ಕಣ್ಣು ಕಿರಿದು ಮಾಡಿ, ಕೊನೆಗೆ ವಾಪಸು ಕೊಟ್ಟಳು. "ನೀವೇ ಓದಿ ಸಾರ್. ಪ್ರಾಣಿಯ ತುಪ್ಪಳ ಅಂತ ತಾನೆ ಇರೋದು?"

"ಹೌದಮ್ಮ."

"ಮತ್ತೆ ಪರೀಕ್ಷೆ ಮಾಡ್ದೆ ಹೊತ್ಕೊಂಡು ಹೋದ್ರೆ? ಈಯಪ್ಪ ನಾಳೆ ಕೋರ್ಟಲ್ಲಿ ನುಣುಚ್ಕೊಳ್ಳಲ್ವಾ? ಒಂದೆಳೆ ಸುಟ್ಟು ನೋಡಿ!"

"ಬೇಡ!" ಎಂದು ಮಾಲೀಕ ಕಿರುಚಿಬಿಟ್ಟ.

ಬೋರ್ಡಮ್ಮ ಅವನನ್ನು ದುರುಗುಟ್ಟಿ ನೋಡಿದಳು. ಅವನು ಬಾಲ ಮುದುರಿಕೊಂಡು ಗೋಡೆಗೆ ಒರಗಿದ. ಇನ್ಸ್‌ಪೆಕ್ಟರನಿಗೆ ಇನ್ನು ಸಂಶಯವೇ ಉಳಿಯಲಿಲ್ಲ.

"ನಿಜವಾದ ಕೂದಲಾದ್ರೆ ಸುಟ್ಟ ಕೂದಲಿನ ವಾಸನೆ ಬರುತ್ತೆ, ಬೂದಿ ಉದುರುತ್ತೆ" ಎನ್ನುತ್ತಾ ಅವನು ಡಾಕ್ಟರ ಹೆಂಡತಿಯ ಕೋಟಿನಿಂದ ಒಂದೆಳೆ ಕಿತ್ತು ಕಡ್ಡಿ ಗೀರಿದ. ಎಳೆ ಸುರುಟಿತು. ಕರಗಿತು. ತುದಿಯಲ್ಲಿ ಪುಟ್ಟ ಕಪ್ಪು ಗುಂಡಾಗಿ ಗಟ್ಟಿಯಾಯಿತು. ಅಂಗಡಿಯೆಲ್ಲ ಪ್ಲಾಸ್ಟಿಕ್ ಸುಟ್ಟ ನಾತ. ಇನ್ನೊಂದು ಕೋಟು ನೋಡಿದ, ಅದೂ ಹಾಗೇ. ಬೆಂಕಿಪೊಟ್ಟಣ ಖಾಲಿಯಾಗುವವರೆಗೂ ಒಂದು ಚಿಟಿಕೆ ಬೂದಿಯೂ ಉದುರಲಿಲ್ಲ.

"ರೀ, ಇದೆಲ್ಲಾ ನೈಲಾನು!"

"ನಿಜವಾದದ್ದು ಅಂದಿದ್ರಲ್ರೀ!" ಡಾಕ್ಟರ ಹೆಂಡತಿ ಮಾಲೀಕನ ಮೇಲೆ ಹರಿಹಾಯ್ದಳು.

"ನಾನೆಲ್ಲಿ ಅಂದೆ ತಾಯಿ? 'ಸುಮ್ಸುಮ್ನೆ ಆಯಮ್ಮ ಯಾಕೆ ಕೂಗ್ತಾಳೆ, ಇದು ನಿಜವಾದದ್ದೇ' ಅಂತ ನೀವೇ ಅಂದ್ರಿ. ನಾನು ನಕ್ಕೆ, ಅಷ್ಟೇ. ಅಪ್ಪ ಹೋದ ಮೇಲೆ ಈ ಅಂಗಡಿಗೆ ಒಂದು ತುಂಡು ಚರ್ಮವೂ ಬಂದಿಲ್ಲ. ಹೊಲಿಯೋರು ಅದೊಂದೇ ಷರತ್ತಿನ ಮೇಲೆ ಒಪ್ಪಿದ್ದು." ಅವನು ತಲೆ ತಗ್ಗಿಸಿದ. "ಬೇಡವಾದ್ರೆ ವಾಪಸ್ ಕೊಡಿ."

ಆಕೆ ಕೊಡಲಿಲ್ಲ. ಕೋಟನ್ನೇ ಸ್ವಲ್ಪ ಹೊತ್ತು ನೋಡುತ್ತಾ ನಿಂತಳು. "ಅಂದ್ರೆ... ಇದನ್ನ ನಾನು ಹಾಕ್ಕೊಂಡು ಓಡಾಡ್ಬೋದಾ?"

"ಧಾರಾಳವಾಗಿ" ಎಂದ ಇನ್ಸ್‌ಪೆಕ್ಟರ್.

ಸೆಕೆಯನ್ನೂ ಲೆಕ್ಕಿಸದೆ ಆಕೆ ಅಲ್ಲೇ ಕೋಟು ತೊಟ್ಟು ಕನ್ನಡಿಯ ಮುಂದೆ ಸುತ್ತು ಹಾಕಿದಳು. ಬಿಳೀ ಬಣ್ಣದಲ್ಲಿ ಇನ್ನೊಂದು ಹೊಲಿಸಿಕೊಡಿ ಎಂದಳು. ಜಪ್ತಿಗೆ ಬಂದವರು ಲಾರಿಗೇರಿಸಿದ್ದನ್ನೆಲ್ಲ ಇಳಿಸಿ ನೇತುಹಾಕಿದರು. ಹೋಗುವಾಗ ಇನ್ಸ್‌ಪೆಕ್ಟರ್ ಮೆಲ್ಲಗೆ, "ನಮ್ಮನೆಯೋರ ಅಳತೇದು ಸಿಗುತ್ತಾ?" ಎಂದು ವಿಚಾರಿಸಿದ.

ಬೋರ್ಡಮ್ಮನ ಕಡೆ ನೋಡಲು ಮಾತ್ರ ಎಲ್ಲರಿಗೂ ಸಂಕೋಚ. "ಪಾಪ, ಇಷ್ಟು ವರ್ಷ ನೈಲಾನಿಗೋಸ್ಕರ ಗಂಟಲು ಹರ್ಕೊಂಡ್ಯಲ್ಲಮ್ಮ" ಎಂದು ಚಪ್ಪಲಿ ಅಂಗಡಿಯವನು ನಿಜಕ್ಕೂ ಮರುಗಿದ. ಅವಳು ಬೋರ್ಡನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಬೀದಿಯ ತಿರುವಿನಲ್ಲಿ ಮರೆಯಾದಳು.

ಮಾಲೀಕ ಷಟರ್ ಎಳೆದು ಹಿಂದಿನ ಕೋಣೆಗೆ ಬಂದ. ಹಿತ್ತಲ ಬಾಗಿಲು ತೆರೆದಿತ್ತು. ಬೋರ್ಡು ಗೋಡೆಗೆ ಒರಗಿತ್ತು.

"ಬೇಡ ಅಂತ ಕಿರುಚೋಕೆ ನಿಂಗೇನು ಬಂದಿತ್ತೋ, ತಮ್ಮಾ?" ಎನ್ನುತ್ತಾ ಬೋರ್ಡಮ್ಮ ಯಂತ್ರದ ಮೇಲಿದ್ದ ಕನ್ನಡಕವನ್ನು ಮೂಗಿಗೇರಿಸಿ, ಅರ್ಧ ಹೊಲಿದ ತೋಳನ್ನು ಸೂಜಿಯಡಿಗೆ ಎಳೆದುಕೊಂಡಳು.