ಪರಿಶೀಲಿಸಿದ್ದೇನೆ

ಮಕ್ಕಳ ವಾರ್ಡಿನಲ್ಲಿ ಡ್ರಿಪ್ ಯಂತ್ರ ಹಸುಗೂಸೊಂದಕ್ಕೆ ಹತ್ತು ಪಟ್ಟು ಔಷಧ ಬಿಡಲು ಹೊರಟಿತ್ತು. ನರ್ಸ್ ನೋಡಿ ನಿಲ್ಲಿಸಿದ್ದರಿಂದ ಮಗು ಉಳಿಯಿತು. ಮರುದಿನ, ಆ ಯಂತ್ರಕ್ಕೆ ಸಾಫ್ಟ್‌ವೇರ್ ಮಾಡಿಕೊಟ್ಟ ಕಂಪನಿಯಲ್ಲಿ ತಂಡದ ಮುಖ್ಯಸ್ಥ ಸುಧೀಂದ್ರ ಪ್ರೋಗ್ರಾಮರ್ ನಫೀಸಾಳನ್ನು ಕೋಣೆಗೆ ಕರೆಸಿ ಬಾಗಿಲು ಹಾಕಿದ. ಅವಳ ಕೆಲಸದ ಮೇಲೆ ಅವನಿಗೆ ಮೊದಲಿನಿಂದಲೂ ಗುಮಾನಿ.

“ಆ ಕೋಡ್ ನೀನು ಬರೆದದ್ದೋ, ಎಐ ಬರೆದದ್ದೋ?”

“ಎಐ ಬರೀತು ಸರ್. ನಾನು ಒಂದೊಂದು ಸಾಲೂ ಓದಿದೆ.”

“ಓದಿದ್ರೆ ದಶಾಂಶದ ತಪ್ಪು ಕಾಣ್ತಿರಲಿಲ್ವಾ? ಸುಳ್ಳು ಹೇಳ್ಬೇಡ.”

“ಕಾಣಿಸ್ತು. ತಿದ್ದಿ ನಿಮಗೆ ಕಳಿಸಿದೆ. ಹಳೇದನ್ನ ಆಸ್ಪತ್ರೆಗೆ ಕೊಡ್ಬೇಡಿ ಅಂತ ಮೇಲ್‌ನಲ್ಲೂ ಬರೆದೆ.”

“ಅಂಥ ಮೇಲ್ ನಾನು ನೋಡೇ ಇಲ್ಲ.”

ಅವಳು ಫೋನ್ ತೆರೆದು ಮುಂದಿಟ್ಟಳು. ಅವಳ ಮೇಲ್ ಅಲ್ಲಿತ್ತು. ಅದರ ಕೆಳಗೆ, ಒಂದೇ ನಿಮಿಷದಲ್ಲಿ ಅವನ ಹೆಸರಿನಿಂದ ಬಂದ ಉತ್ತರವೂ ಇತ್ತು: ‘ನೀವು ಗಮನಕ್ಕೆ ತಂದದ್ದು ಒಳ್ಳೆಯದಾಯಿತು. ಎಲ್ಲವನ್ನೂ ಪರಿಶೀಲಿಸಿದ್ದೇನೆ. ನಿಶ್ಚಿಂತೆಯಿಂದಿರಿ.’

ಸುಧೀಂದ್ರ ಅದನ್ನು ಎರಡು ಸಲ ಓದಿದ. ಮುಖ ಒರೆಸಿಕೊಂಡ.

“ಹಾಂ, ಈಗ ನೆನಪಾಯ್ತು. ಪರಿಶೀಲಿಸಿದ್ದೆ. ಕಳಿಸುವಾಗ ಎಲ್ಲೋ ಅದಲುಬದಲಾಗಿರಬೇಕು.”

“ನಿಮ್ಮ ಮೇಲ್‌ಗಳಿಗೆ ಎಐ ಉತ್ತರ ಬರೆಯುತ್ತಾ ಸರ್?”

“ಏನು ಮಾತು ಅಂತ ಆಡ್ತೀಯ? ಇದು ನಾನೇ ಬರೆದದ್ದು.”

ನಫೀಸಾ ಫೋನ್ ಎತ್ತಿಕೊಂಡು ಎದ್ದಳು.

“ಮೂರು ವರ್ಷದಲ್ಲಿ ಒಂದು ಸಲವೂ ನನ್ನನ್ನ ‘ನೀವು’ ಅಂದವರಲ್ಲ ನೀವು.”