ಅರ್ಧ ಗಂಟೆಯ ಕೈ

ಬೆಳಗ್ಗೆ ಏಳಕ್ಕೆ ನಾನೂ ನನ್ನ ಹೆಂಡತಿ ನೀಲವ್ವನೂ ಅಂಗೈಗೆ ಅಂಗೈ ಹಚ್ಚಿ ಕೂತೆವು. ಆಸ್ಪತ್ರೆಯವರು ಇಬ್ಬರ ಮಣಿಕಟ್ಟಿಗೂ ಕೊಟ್ಟ ಯಂತ್ರದ ಪಟ್ಟಿಗಳು ಬೆಚ್ಚಗಾದವು. ಎಂದಿನಂತೆ ನನ್ನ ಕೈಯ ಹಿಡಿತ ಅವಳಿಗೆ ಹೋಯಿತು, ಅವಳ ಕಾಯಿಲೆಯ ನಡುಕ ನನಗೆ ಬಂತು. ದಿನಕ್ಕೆ ಅರ್ಧ ಗಂಟೆಗಿಂತ ಹೆಚ್ಚು ಕೊಡುವಂತಿಲ್ಲ.

ಆ ಅರ್ಧ ಗಂಟೆ ಅವಳ ಜಡೆಗೆ ಮೀಸಲು. ಉಳಿದ ಹೊತ್ತು ನನ್ನ ಕೈಯಿಂದ ಊಟ ಮಾಡಿಸಿಕೊಳ್ಳುತ್ತಾಳೆ, ಸೀರೆ ಉಡಿಸಿಕೊಳ್ಳುತ್ತಾಳೆ, ತಲೆಯನ್ನು ಮಾತ್ರ ಯಾರಿಗೂ ಮುಟ್ಟಗೊಡುವುದಿಲ್ಲ. "ಅದೊಂದಾದ್ರೂ ನಂದಿರ್ಲಿ" ಅನ್ನುತ್ತಾಳೆ.

ಇಂದು ಮಾತ್ರ ಕೂದಲು ಬಿಚ್ಚಿದವಳು ನನ್ನ ಮುಖ ನೋಡಿ ಕತ್ತರಿ ತೆಗೆದುಕೊಂಡಳು.

"ಕಿವ್ಯಾಗ ಕಾಡು ಬೆಳೆಸೀರಲ್ಲ!"

"ಮೊದ್ಲ ಜಡಿ ಹಾಕ್ಕೋ ಮಾರಾಯ್ತಿ, ಟೈಮ್ ಆಗ್ತದ."

"ದಿನಾ ನನ್ನ ನೋಡೋದ್ರಾಗ ನಿಮ್ಮನ್ನ ನೀವ ಮರ್ತೀರಿ. ಸುಮ್ನ ಕೂಡ್ರಿ."

ಕಿವಿ ಆಯಿತು, ಹುಬ್ಬು ಆಯಿತು. ನನ್ನ ಅಂಗಿಗೆ ಗುಂಡಿ ಹಚ್ಚುತ್ತಿರುವಾಗಲೇ ಅರ್ಧ ಗಂಟೆ ಮುಗಿದು ಪಟ್ಟಿ ತಣ್ಣಗಾಗಿ, ಅವಳ ಬೆರಳಿನಿಂದ ಸೂಜಿ ಬಿತ್ತು. ಕೂದಲು ಬೆನ್ನ ಮೇಲೆ ಹಾಗೇ ಹರಡಿತ್ತು. ಜಡೆ ನಾನು ಹಾಕಲೇ ಎಂದು ಕೇಳಲು ಹೆದರಿದೆ. ಅವಳೇ ಕೂದಲು ನನ್ನ ಕೈಗೆ ಸಿಗುವಂತೆ ಬೆನ್ನು ತಿರುಗಿಸಿ ಕೂತಳು.

ನಲವತ್ತು ವರ್ಷ ಮಗ್ಗದಲ್ಲಿ ಕುಪ್ಪಸದ ಖಣ ನೇಯ್ದವನಿಗೆ ಎಳೆ ಹೊಸದಲ್ಲ, ಆದರೆ ಜಡೆ ಹೊಸದು. ತಪ್ಪಾಯಿತೆಂದು ಎರಡು ಸಲ ಬಿಚ್ಚಿ ಹೆಣೆದೆ. ಕೊನೆಗೆ ಕೈ ತನ್ನ ಅಭ್ಯಾಸದಂತೆ ಜಡೆಯ ತುದಿಯ ಟೇಪಿಗೆ ನೇಕಾರರ ಗಂಟು ಹಾಕಿಬಿಟ್ಟಿತು, ಎಳೆದಷ್ಟೂ ಬಿಗಿಯಾಗುವ ಗಂಟು.

ನೀಲವ್ವ ಮುಟ್ಟಿ ನೋಡಿ ನಕ್ಕಳು. "ಇದನ್ನ ಬಿಚ್ಚೋರ್ ಯಾರು?"

"ತಪ್ಪಾತು, ಈಗ ಬಿಚ್ತೀನಿ."

"ಈಗ ಬ್ಯಾಡ," ಅಂದಳು. "ನಾಳೆ ಬಿಚ್ರಿ."