ನೂರೆಪ್ಪತ್ತರ ಕ್ರ್ಯಾಂಕು

"ಕ್ರ್ಯಾಂಕ್ ಬದಲಾಯಿಸೋದಾ? ಸುಮ್ನಿರು ಶ್ವೇತಾ. ಅದು ಉದ್ದ ಇದ್ರೇನೇ ಪೆಡಲ್‌ಗೆ ಪವರ್ರು." ಶಶಿಧರ್ ಫೋನಿನಿಂದ ಕಣ್ಣೆತ್ತದೆ ಹೆಂಡತಿಗೆ ಹೇಳಿದ.

ಶ್ವೇತ ಮಂಡಿಗೆ ಐಸ್ ಒತ್ತಿಕೊಂಡು ಸುಬ್ರಹ್ಮಣ್ಯಪುರದ ಮನೆಯ ಮೆಟ್ಟಿಲ ಮೇಲೆ ಕೂತಿದ್ದಳು. ಬೆಳಿಗ್ಗೆ ಬೇಗೂರು ಕೆರೆಗೆ ಹೋಗಿದ್ದವಳು ವಾಪಸು ಬರುವಾಗ ಅರ್ಧ ದಾರಿ ಸೈಕಲ್ ತಳ್ಳಿಕೊಂಡೇ ಬಂದಿದ್ದಳು. ಅವಳು ಐದಡಿ, ಗಂಡ ಆರಡಿ. ಅವಳ ಸೈಕಲ್ಲಿಗೆ ನೂರೆಪ್ಪತ್ತು ಮಿಲಿಮೀಟರಿನ ಕ್ರ್ಯಾಂಕ್ ಆರಿಸಿ ಹಾಕಿಸಿದವನು ಅವನೇ. ಪೆಡಲನ್ನು ಹಿಡಿದು ತಿರುಗುವ ಆ ತೋಳು ಉದ್ದವಾದಷ್ಟೂ ಮಂಡಿ ಹೆಚ್ಚು ಮಡಚಬೇಕು. ಒಂದೊಂದು ಸುತ್ತಿಗೂ ಅವಳ ಮಂಡಿ ಹೊಟ್ಟೆಗೆ ತಾಗುವಷ್ಟು ಮೇಲೇರುತ್ತಿತ್ತು. ಆರಿಸಿದವನು ಅವನು, ತುಳಿಯುವವಳು ಇವಳು.

"ನನ್ ಜೊತೆ ಸೈಕಲ್ ಹೊಡೆಯೋ ತೇಜಸ್ವಿನಿದು ನೂರ ಅರವತ್ತೈದು. ಓಡಿಸಿ ನೋಡ್ದೆ, ಒಂಚೂರೂ ನೋವಿಲ್ಲ ಕಣ್ರೀ."

"ನೂರೆಪ್ಪತ್ತಕ್ಕೂ ಅದಕ್ಕೂ ಬರೀ ಐದು ಮಿಲಿಮೀಟರ್! ಒಂದು ಅಕ್ಕಿಕಾಳಿನಷ್ಟು. ಅಷ್ಟಕ್ಕೆ ಮಂಡಿ ನೋಯುತ್ತಾ? ಅಭ್ಯಾಸ ಮಾಡ್ಕೋ. ಆಗಲ್ಲ ಅಂದ್ರೆ ಸೈಕಲ್ ಮಾರಿಬಿಡೋಣ."

ಮಾರುವ ಮಾತಿಗೆ ಶ್ವೇತಳ ಕಣ್ಣು ತುಂಬಿತು. ಇಡೀ ದಿನದಲ್ಲಿ ಅವಳದು ಎನ್ನುವುದು ಸೈಕಲ್ಲಿನ ಮೇಲಿರುವ ಆ ಒಂದು ಗಂಟೆ ಮಾತ್ರ. ಡಾಕ್ಟರು ಹೇಳಿದ್ದನ್ನು ಹೇಳಿದ್ದಾಯಿತು, ವಿಡಿಯೋ ತೋರಿಸಿದ್ದಾಯಿತು, ಊದಿದ ಮಂಡಿಯನ್ನೇ ಮುಂದಿಟ್ಟದ್ದೂ ಆಯಿತು. ಈ ಮನುಷ್ಯನಿಗೆ ಇನ್ನು ಹೇಗೆ ಹೇಳಬೇಕು?

ಪಕ್ಕದಲ್ಲಿ ಅವರೆಕಾಯಿ ಸುಲಿಯುತ್ತಿದ್ದ ಅತ್ತೆ ಗೌರಮ್ಮ ತಲೆಯೆತ್ತಿದರು. "ಎಷ್ಟಂದೆ ಶಶಿ, ಈಗಿರೋದು? ನೂರೆಪ್ಪತ್ತಾ? ಒಂದು, ಏಳು, ಸೊನ್ನೆ. ಕೂಡಿದ್ರೆ ಎಂಟಲ್ವೇನೋ? ಶನಿ ನಂಬರ್ರು!"

ಶಶಿಧರನ ಫೋನು ಕೆಳಗಿಳಿಯಿತು. ಮೊತ್ತ ಎಂಟು ಬಂತೆಂದು ಹೊಸ ಸಿಮ್ ಕಾರ್ಡನ್ನೇ ಹಿಂದಿರುಗಿಸಿ ಬಂದಿದ್ದ ಮಹಾನುಭಾವ ಅವನು. "ಅಯ್ಯೋ, ಹೌದಲ್ಲಮ್ಮ! ನೂರ ಅರವತ್ತೈದು ಅಂದ್ರೆ... ಹನ್ನೆರಡು... ಮೂರು. ಗುರು ನಂಬರ್ರು! ಮೊದ್ಲೇ ಹೇಳೋದಲ್ವಾ?" ಎಂದವನು ಜಯನಗರದ ಅಂಗಡಿಗೆ ಫೋನ್ ಮಾಡಿ, ಸೈಕಲನ್ನು ಕಾರಿಗೆ ತುರುಕಿಕೊಂಡು ಹೊರಟೇಬಿಟ್ಟ.

ಶ್ವೇತಳಿಗೆ ಮೈಯೆಲ್ಲ ಉರಿಯಿತು. "ನೋವು ನೋವು ಅಂತ ತಿಂಗಳಾನುಗಟ್ಲೆ ಬಡ್ಕೊಂಡೆ, ಕಿವಿಗೇ ಹಾಕ್ಕೊಳ್ಲಿಲ್ಲ. ನಿಮ್ಮ ಎಂಟು ಕೇಳಿ ಎದ್ದು ಓಡಿದ್ರಲ್ಲ ಅತ್ತೆ! ನೀವೂ ಅಷ್ಟೇ, ಅದನ್ನೆಲ್ಲ ನಂಬ್ತೀರ!"

ಗೌರಮ್ಮ ಸೆರಗಿಗೆ ಅಂಟಿದ್ದ ಸಿಪ್ಪೆ ಕೊಡವಿ, ಸೊಂಟಕ್ಕೆ ಕೈಕೊಟ್ಟು ಮೆಲ್ಲಗೆ ಎದ್ದರು.

"ನಮ್ಮ ಅಡುಗೆಮನೆ ಕಟ್ಟೆ ಮೊದಲು ತೀರಾ ತಗ್ಗಿತ್ತು. ಬಗ್ಗಿ ಬಗ್ಗಿ ಸೊಂಟ ಹೋಯ್ತು ಅಂತ ನಿಮ್ಮಾವನ ಹತ್ರ ಹತ್ತು ವರ್ಷ ಗೋಗರೆದೆ ಕಣಮ್ಮ. ಆಮೇಲೆ ಒಂದಿನ, ಕಟ್ಟೆ ವಾಸ್ತು ಸರಿಯಿಲ್ವಂತೆ ಅಂದೆ. ಮಾರನೇ ದಿನಾನೇ ಗಾರೆಯವನು ಬಂದ."